ಟಿಂಗ್ ಅನ್ನೋವರೆಗೆ

"ಅಲ್ಲಾಡಬೇಡ! ಪಾರ್ಸಲ್ ಅಲ್ಲಾಡಿದ್ರೆ ಕಟ್ಟು ಸಡಿಲ ಆಗುತ್ತೆ," ಎಂದ ತಾತ. ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡಿದ್ದ.

"ನಾನು ಪಾರ್ಸಲ್ ಅಲ್ಲ ತಾತ!"

"ಎಲ್ಲಾ ಪಾರ್ಸಲ್ಲೂ ಹಾಗೇ ಹೇಳ್ತವೆ."

ಗುಂಡಿ ಸ್ಟೂಲಿನ ಮೇಲೆ ಕುಳಿತು ಹಲ್ಲು ಕಚ್ಚಿದಳು. ಒಂದು ಜಡೆ ಮುಗಿದಿತ್ತು, ಇನ್ನೊಂದು ಅರ್ಧವಾಗಿತ್ತು. ತಾತ ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಪಾರ್ಸಲ್ ಕಟ್ಟಿದವನು. ಅವನು ಜಡೆ ಹಾಕಿದರೆ ಎಷ್ಟು ಬಿಗಿ ಎಂದರೆ, ಹುಬ್ಬೆರಡೂ ಹಣೆಯ ಮೇಲಕ್ಕೆ ಏರಿಬಿಡುತ್ತಿದ್ದವು. ಮಧ್ಯಾಹ್ನದ ಊಟದವರೆಗೂ ಗುಂಡಿ ಏನನ್ನೋ ಕಂಡು ಬೆರಗಾದವಳ ಹಾಗೆ ಕಾಣುತ್ತಿದ್ದಳು.

ಗುಂಡಿ ಅವಳ ಶಾಲೆಯ ಹೆಸರಲ್ಲ. ಎರಡು ವರ್ಷದವಳಿದ್ದಾಗ ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ನೀಲಿ ಗುಂಡಿ ಎತ್ತಿ ನುಂಗಿಬಿಟ್ಟಿದ್ದಳು. ಗುಂಡಿ ಮೂರನೇ ದಿನ ಸಿಕ್ಕಿತು. ಎಲ್ಲಿ ಸಿಕ್ಕಿತು ಎಂದು ಕೇಳಬೇಡಿ. ಹೆಸರು ಮಾತ್ರ ಉಳಿದುಕೊಂಡಿತು.

"ಮಹಾರಾಯ ಎದ್ದನಾ?" ಅಡುಗೆಮನೆಯಿಂದ ಅಮ್ಮ ಕೂಗಿದಳು.

"ಇಲ್ಲ! ಇನ್ನೂ ಚೆಂಡು ಉರುಳ್ತಾ ಇದೆ!"

ಮಹಾರಾಯ ಎಂದರೆ ಗುಂಡಿಯ ಮುಂದೆ ಮೇಜಿನ ಮೇಲೆ ಗೊರ್ ಗೊರ್ ಎನ್ನುತ್ತಿದ್ದ ಕಂಪ್ಯೂಟರ್. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡದು. ಸ್ವಿಚ್ ಒತ್ತಿದ ಮೇಲೆ ಅದು ಏಳಲು ಸರಿಯಾಗಿ ಹದಿನಾಲ್ಕು ನಿಮಿಷ ಬೇಕಿತ್ತು. ಆ ಹೊತ್ತಿನಲ್ಲಿ ಆಮೆ ಊರು ಸುತ್ತಿ ಬಂದು ಕಾಲು ತೊಳೆದುಕೊಳ್ಳಬಹುದು ಎಂದು ತಾತ ಹೇಳುತ್ತಿದ್ದ.

ಆದರೆ ಮನೆಯವರಿಗೆ ಅದು ಒಗ್ಗಿಹೋಗಿತ್ತು. ಎಷ್ಟು ಒಗ್ಗಿತ್ತೆಂದರೆ, ಇಡೀ ಮನೆ ನಡೆಯುತ್ತಿದ್ದುದೇ ಅದರ ಲೆಕ್ಕದಲ್ಲಿ.

ಸ್ವಿಚ್ ಟಕ್ ಎಂದ ಕೂಡಲೇ ತಾತ ಒಲೆಯ ಮೇಲೆ ತನ್ನ ಮೊಟ್ಟೆ ಬೇಯಲು ಇಡುತ್ತಿದ್ದ. ಕುಂಯ್ ಎಂದರೆ ಅಪ್ಪ ಸ್ನಾನಕ್ಕೆ ಹೋಗುತ್ತಿದ್ದ. ಪರದೆಯ ಮೇಲೆ ಬಣ್ಣದ ಚೆಂಡು ಉರುಳಲು ಶುರುವಾದರೆ ಅಮ್ಮ ಕಿಟಕಿಯ ಮೇಲಿನ ಎಣ್ಣೆ ಬಾಟಲಿ ಎತ್ತಿಕೊಂಡು ತನ್ನ ಕಸೂತಿ ಮೆಷಿನ್ ಹತ್ತಿರ ಹೋಗುತ್ತಿದ್ದಳು. ಮೋಡದ ಚಿತ್ರ ಬಂದರೆ ಅಪ್ಪ ಶೂ ಹಾಕಿಕೊಳ್ಳಬೇಕು, ಅವನು ಬಸ್ ಡ್ರೈವರ್. ಕೊನೆಗೆ 'ಟಿಂಗ್' ಎಂದರೆ ಮೊಟ್ಟೆ ಬೆಂದಿತು, ಜಡೆ ಮುಗಿಯಿತು, ಅಮ್ಮನ ಕೆಲಸ ಶುರು. ಗೋಡೆಯಲ್ಲಿ ಗಡಿಯಾರ ಇರಲಿಲ್ಲವೆಂದಲ್ಲ. ಇತ್ತು. ಒಂದು ತೂತು ಮುಚ್ಚಲಿ ಎಂದು ತೂಗುಹಾಕಿದ್ದರು.

"ಆಮೇಲೆ ಏನಾಯ್ತು ತಾತ? ಆ ಪಾರ್ಸಲ್ಲು?" ಗುಂಡಿ ಕೇಳಿದಳು.

"ಎಲ್ಲಿಗೆ ನಿಲ್ಸಿದ್ದೆ?"

"ಮೇಜಿನ ಮೇಲೆ ತಾನೇ ಕುಪ್ಪಳಿಸ್ತು ಅಂದೆ."

"ಹಾಂ. ಕುಪ್ಪಳಿಸ್ತು. ಒಂದು ಸಲ ಅಲ್ಲ, ತೂಕದ ತಕ್ಕಡಿವರೆಗೆ ಕುಪ್ಪಳಿಸ್ಕೊಂಡು ಹೋಗಿ ತಾನೇ ಹತ್ತಿ ಕೂತ್ಕೊಳ್ತು! ನಮ್ಮ ಸಾಹೇಬ್ರು ನಡುಗ್ತಾ ನಡುಗ್ತಾ ಪೆನ್ನಿನ ತುದಿಯಿಂದ ಮೆಲ್ಲಗೆ ಹಿಂಗೆ ಚುಚ್ಚಿದ್ರು. ಚುಚ್ಚಿದ್ರಾ? ಒಳಗಿಂದ ಯಾರೋ ಸೀನಿದ್ರು."

"ಯಾರು?!"

ಟಿಂಗ್.

"ಆಯ್ತು, ಎದ್ದೇಳು," ಎಂದು ತಾತ ರಿಬ್ಬನ್ನಿಗೆ ಗಂಟು ಬಿಗಿದು ಮೊಟ್ಟೆಯ ಕಡೆ ಓಡಿದ. ಟಿಂಗ್ ಆದ ಮೇಲೆ ಅವನು ಕತೆಯ ಒಂದು ಅಕ್ಷರವನ್ನೂ ಮುಂದಕ್ಕೆ ಹೇಳುತ್ತಿರಲಿಲ್ಲ.

ಪರದೆಯ ಮೇಲೆ ದಿನಾ ಬರುವ ಚೀಟಿ ಬಂತು. 'ನಿಮ್ಮ ಸಿಸ್ಟಮ್ ಹಳೆಯದಾಗಿದೆ. ಇನ್ನು ಮುಂದೆ ಇದಕ್ಕೆ ಅಪ್‌ಡೇಟ್ ಬರುವುದಿಲ್ಲ. ಹೊಸ ಸಿಸ್ಟಮ್‌ಗೆ ಅಪ್‌ಗ್ರೇಡ್ ಮಾಡಿ.'

"ನಂಗೂ ಅಪ್‌ಡೇಟ್ ಬರಲ್ಲ," ತಾತ ಅಡುಗೆಮನೆಯಿಂದಲೇ ಹೇಳಿದ. "ನಾನು ಓಡಾಡ್ಕೊಂಡಿಲ್ವಾ?"

ಗುಂಡಿಗೆ ನಗು ಬರಲಿಲ್ಲ. ಅವಳಿಗೆ ಅವಳದೇ ಒಂದು ತಲೆನೋವು ಅಂಟಿಕೊಂಡಿತ್ತು.

ಅವಳ ಕ್ಲಾಸಿನವರೆಲ್ಲ ಸೇರಿ ಕಂಪ್ಯೂಟರಿನಲ್ಲಿ ಒಂದು ಮಾತಾಡುವ ಮ್ಯಾಪ್ ಮಾಡುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಮನೆಯ ಚಿತ್ರ ಬರೆಯಬೇಕು, ಮನೆಯ ಬೆಳಗಿನ ಸದ್ದು ರೆಕಾರ್ಡ್ ಮಾಡಿ ಅದಕ್ಕೆ ಸೇರಿಸಬೇಕು. ಬೇಕರಿಯವರ ಮನೆ ಒತ್ತಿದರೆ ಓವನ್ ಬಾಗಿಲು ಧಡ್ ಎನ್ನುತ್ತಿತ್ತು. ಇನ್ನೊಬ್ಬಳ ಮನೆಯಲ್ಲಿ ತಮ್ಮ ಅಳುತ್ತಿದ್ದ. ಇಪ್ಪತ್ತೇಳು ಮನೆಗಳು ಬಂದಿದ್ದವು. ಗುಂಡಿಯ ಮನೆ ಇರಬೇಕಾದಲ್ಲಿ ಮಾತ್ರ ಒಂದು ಬೂದು ಚೌಕ. ಮಹಾರಾಯನಲ್ಲಿ ಆ ಮ್ಯಾಪ್ ತೆರೆಯಲು ಹೋದರೆ 'ನಿಮ್ಮ ಸಿಸ್ಟಮ್ ತುಂಬಾ ಹಳೆಯದು' ಎಂದು ಬಂದು ಪರದೆ ಬೆಳ್ಳಗಾಗುತ್ತಿತ್ತು. ಫೋನಿನಲ್ಲಂತೂ ಅದು ತೆರೆಯುತ್ತಲೇ ಇರಲಿಲ್ಲ. ಶುಕ್ರವಾರ ಮ್ಯಾಪ್ ಮುಚ್ಚುತ್ತೇನೆ ಎಂದು ಟೀಚರ್ ಹೇಳಿದ್ದರು.

ಗುಂಡಿಯ ಪಕ್ಕದ ಬೆಂಚಿನಲ್ಲಿ ಕನ್ನಡಕದಂಗಡಿಯವರ ಮಗ ಕೂರುತ್ತಿದ್ದ. ಅವನ ನಾಲಿಗೆಗೆ ಬ್ರೇಕ್ ಇರಲಿಲ್ಲ.

"ಮ್ಯಾಪಲ್ಲಿ ನಮ್ಮ ಮನೆ ಪಕ್ಕ ಖಾಲಿ ಸೈಟು! ನಿಮ್ಮ ಮನೆ ಎಲ್ಲೋಯ್ತೇ? ಮಾರ್ಬಿಟ್ರಾ?" ಎಂದ ಸೋಮವಾರ.

ಅವತ್ತಿನಿಂದ ಅವಳಿಗೆ ಇನ್ನೊಂದು ಹೆಸರು ಬಂತು. ಖಾಲಿ ಸೈಟು. ಗುಂಡಿ ಎಂಬ ಹೆಸರೇ ಎಷ್ಟೋ ವಾಸಿ ಅನಿಸಿತು ಅವಳಿಗೆ.

ಮಂಗಳವಾರ ಸಂಜೆ ಊಟದ ಮೇಜಿನಲ್ಲಿ ಅವಳು ಚಮಚ ಕೆಳಗಿಟ್ಟು ಹೇಳಿಯೇಬಿಟ್ಟಳು. "ಮಹಾರಾಯನಿಗೆ ಹೊಸ ಸಿಸ್ಟಮ್ ಹಾಕ್ಸೋಣ. ವೋಟ್ ಹಾಕಿ."

"ಹಾಕ್ಸೋಣ," ಎಂದ ಅಪ್ಪ. "ಹಳೇ ಬಸ್ಸಿಗೆ ಹೊಸ ಎಂಜಿನ್ ಹಾಕಿದ್ರೆ ಹೆಂಗೆ ಹೋಗುತ್ತೆ ಗೊತ್ತಾ? ಗಾಳಿಗೇ ಹೊಟ್ಟೆಕಿಚ್ಚು ಬರುತ್ತೆ."

"ಬೇಡ," ಎಂದ ತಾತ. "ನಂಗೆ ಇದೇ ಅಭ್ಯಾಸ."

"ತಾತ! ನೀನು ಒಂದು ದಿನಾನೂ ಕಂಪ್ಯೂಟರ್ ಮುಟ್ಟಿಲ್ಲ!"

"ಮುಟ್ಟದೆ ಇರೋಕೂ ಅಭ್ಯಾಸ ಬೇಕಮ್ಮ."

ಎಲ್ಲರೂ ಅಮ್ಮನ ಮುಖ ನೋಡಿದರು. ಅಮ್ಮ ಮೂಲೆಯ ಕಸೂತಿ ಮೆಷಿನ್ ಕಡೆ ನೋಡುತ್ತಿದ್ದಳು. ದಪ್ಪ ಬೂದು ವೈರು ಆ ಮೆಷಿನ್ನಿಂದ ಮಹಾರಾಯನ ಬೆನ್ನಿಗೆ ಹೋಗಿತ್ತು. ಅಮ್ಮ ಕಂಪ್ಯೂಟರಿನಲ್ಲಿ ಹೆಸರು ಬರೆದರೆ ಮೆಷಿನ್ ಅದನ್ನು ಬಟ್ಟೆಯ ಮೇಲೆ ಟಕಟಕ ಹೊಲಿಯುತ್ತಿತ್ತು. ಆ ಬೀದಿಯ ಮಕ್ಕಳ ಅಂಗಿ, ಡಾಕ್ಟರ ಕೋಟು, ಹೋಟೆಲ್ ಅಡುಗೆಯವನ ಟೋಪಿ, ಎಲ್ಲದರ ಮೇಲೂ ಅಮ್ಮನ ಅಕ್ಷರವೇ.

"ಈ ಮೆಷಿನ್ ಮಹಾರಾಯನ ಮಾತು ಬಿಟ್ಟು ಬೇರೆಯವರ ಮಾತು ಕೇಳುತ್ತೋ ಇಲ್ವೋ," ಅಮ್ಮ ಹೇಳಿದಳು. "ಶನಿವಾರಕ್ಕೆ ಫುಟ್‌ಬಾಲ್ ಟೀಮಿಗೆ ಮೂವತ್ತು ಜೆರ್ಸಿ ಕೊಡ್ಬೇಕು. ಕೆಟ್ಟು ಕೂತ್ರೆ ನಾನೇನು ಕೈಯಲ್ಲಿ ಹೊಲೀಲಾ?"

ಗುಂಡಿಯ ಮುಖ ಇಳಿದುಹೋಯಿತು. ಅಮ್ಮ ಅದನ್ನು ನೋಡಿದಳು. ಸ್ವಲ್ಪ ಹೊತ್ತು ತಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜಿದಳು.

"ಸ್ಕ್ರೂ ಮಾಮನ್ನ ಕೇಳೋಣ," ಎಂದಳು.

ಸ್ಕ್ರೂ ಮಾಮ ಕಂಪ್ಯೂಟರ್ ರಿಪೇರಿಯವನು. ಅವತ್ತೇ ರಾತ್ರಿ ಬಂದ. ಬಿಚ್ಚಿದ ಸ್ಕ್ರೂ ಕಳೆಯಬಾರದೆಂದು ಬಾಯಲ್ಲೇ ಇಟ್ಟುಕೊಳ್ಳುವುದು ಅವನ ಪದ್ಧತಿ. ಮಹಾರಾಯನ ಹೊಟ್ಟೆ ತೆರೆದಾಗ ಒಳಗಿಂದ ಎಷ್ಟು ಧೂಳು ಬಂತೆಂದರೆ, ಅದರಲ್ಲಿ ಒಂದು ದಿಂಬು ಮಾಡಬಹುದಿತ್ತು.

"ಮೆಷಿನ್ ಕೇಳುತ್ತೆ ಅಂತ ಅನ್ಸುತ್ತೆ ಅಕ್ಕ," ಎಂದ ಸ್ಕ್ರೂಗಳ ಸಂದಿಯಿಂದ. "ಗ್ಯಾರಂಟಿ ಕೊಡಲ್ಲ. ಒಂದು ಕೆಲ್ಸ ಮಾಡ್ತೀನಿ. ಹೊಸ ಡಿಸ್ಕ್ ಹಾಕಿ ಅದರಲ್ಲಿ ಹೊಸ ಸಿಸ್ಟಮ್ ಹಾಕ್ತೀನಿ. ಹಳೇ ಡಿಸ್ಕ್ ಹೆಂಗಿದ್ಯೋ ಹಂಗೇ ಡಬ್ಬಿಯಲ್ಲಿ ಇರ್ಲಿ. ಸರಿ ಬರ್ಲಿಲ್ಲ ಅಂದ್ರೆ ಹತ್ತೇ ನಿಮಿಷ, ಹಳೇದೇ ವಾಪಸ್."

"ಹಾಗಾದ್ರೆ ಸರಿ," ಎಂದಳು ಅಮ್ಮ. ಗುಂಡಿಯ ಕಡೆ ಬೆರಳು ತೋರಿಸಿದಳು. "ಆದ್ರೆ ನನ್ನ ಮೆಷಿನ್ ಒಂದೇ ಒಂದು ಸಲ ಕೈಕೊಟ್ರೂ ಹಳೇದು ವಾಪಸ್. ಆಮೇಲೆ ಅಳೋ ಹಂಗಿಲ್ಲ."

"ಅಳಲ್ಲ," ಎಂದಳು ಗುಂಡಿ.

"ಟಿಂಗ್ ಮಾತ್ರ ಹಳೇದೇ ಇರ್ಲಿ," ಎಂದ ತಾತ ಬಾಗಿಲಲ್ಲಿ ನಿಂತು. "ಟಿಂಗ್ ಇಲ್ಲ ಅಂದ್ರೆ ನಾನು ಒಪ್ಪಲ್ಲ."

ಸ್ಕ್ರೂ ಮಾಮ ಹಳೇ ಟಿಂಗನ್ನು ಹೊಸದಕ್ಕೆ ಹಾಕಿಕೊಟ್ಟ. ಒಂದು ಪುಟ್ಟ ಮೈಕನ್ನೂ ಚುಚ್ಚಿಕೊಟ್ಟ. ಪರೀಕ್ಷೆಗೆಂದು ಅಮ್ಮ 'ಗುಂಡಿ' ಎಂದು ಬರೆದಳು. ಮೆಷಿನ್ ಒಂದು ಕ್ಷಣ ಸುಮ್ಮನಿದ್ದು, ಯೋಚನೆ ಮಾಡಿ, ಟಕಟಕ ಎಂದು ಕರವಸ್ತ್ರದ ಮೇಲೆ ಚಂದವಾಗಿ ಹೊಲಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾತ ಒಂದೇ ಕೈಯಲ್ಲಿ ತಟ್ಟಿದ, ತೊಡೆಯ ಮೇಲೆ.

ಬುಧವಾರ ಬೆಳಿಗ್ಗೆ ಗುಂಡಿ ಸ್ಟೂಲಿನ ಮೇಲೆ ಕುಳಿತು ಸ್ವಿಚ್ ಒತ್ತಿದಳು. ತಾತ ಮೊಟ್ಟೆ ಇಟ್ಟು ಬಂದ. ಕುಂಯ್ ಎಂದಿತು, ಅಪ್ಪ ಟವೆಲ್ ಹೆಗಲಿಗೆ ಹಾಕಿ ಬಚ್ಚಲಿಗೆ ಹೋದ. ತಾತ ಬಾಚಣಿಗೆ ತೆಗೆದು, "ಒಳಗಿಂದ ಯಾರೋ ಸೀ..." ಎಂದ.

ಟಿಂಗ್.

ತಾತನ ಬಾಯಿ ತೆರೆದೇ ಇತ್ತು. ಸ್ವಿಚ್ ಒತ್ತಿ ಇಪ್ಪತ್ತು ಸೆಕೆಂಡೂ ಆಗಿರಲಿಲ್ಲ.

ಆದರೂ ಟಿಂಗ್ ಎಂದರೆ ಟಿಂಗ್. ಇಷ್ಟು ವರ್ಷದ ಅಭ್ಯಾಸಕ್ಕೆ ಕೈಕಾಲು ತಾವೇ ಓಡಿದವು. ತಾತ ಒಲೆ ಆರಿಸಿ, ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿದ. ಹಸಿ ಮೊಟ್ಟೆ ತಟ್ಟೆಯಿಂದ ಪೇಪರಿಗೆ, ಪೇಪರಿನಿಂದ ಮಂಡಿಗೆ, ಮಂಡಿಯಿಂದ ಚಪ್ಪಲಿಗೆ ಇಳಿಯಿತು. ಟಿಂಗ್ ಕೇಳಿದ ಅಪ್ಪ, "ಅಯ್ಯೋ, ಬಸ್ಸು!" ಎಂದು ಕಿವಿಯ ಸೋಪಿನ ನೊರೆಯ ಸಮೇತ ಬಂದು ಸಿಕ್ಕಿದ್ದನ್ನು ಕಾಲಿಗೆ ಸಿಕ್ಕಿಸಿಕೊಂಡು ಓಡಿದ. ಸಿಕ್ಕಿದ್ದು ಅಮ್ಮನ ಹೂವಿನ ಚಪ್ಪಲಿ. ಡಿಪೋಗೆ ಹೋಗಲು ಅವನು ಹತ್ತಿದ ಬಸ್ಸಿನಲ್ಲಿದ್ದವರು ಮೂರು ಸ್ಟಾಪಿನವರೆಗೆ ರಸ್ತೆ ಬಿಟ್ಟು ಅವನ ಕಾಲನ್ನೇ ನೋಡಿದರಂತೆ. ಅವನು ಡಿಪೋ ತಲುಪಿದಾಗ ಇನ್ನೂ ಬಾಗಿಲೇ ತೆರೆದಿರಲಿಲ್ಲ.

ತಾತ ಮೊಟ್ಟೆ ಒರೆಸಿ ಬರುವಷ್ಟರಲ್ಲಿ ಹೊತ್ತಾಗಿ, ಗುಂಡಿ ಶಾಲೆಗೆ ಒಂದೇ ಜಡೆಯಲ್ಲಿ ಹೋದಳು. ಒಂದು ಕಡೆ ಪಾರ್ಸಲ್, ಇನ್ನೊಂದು ಕಡೆ ಹುಲ್ಲಿನ ಬಣವೆ.

"ಖಾಲಿ ಸೈಟಲ್ಲಿ ಅರ್ಧ ಮನೆ ಕಟ್ಟಿದಾರೆ!" ಎಂದ ಕನ್ನಡಕದಂಗಡಿಯವರ ಮಗ.

"ಇವತ್ತು ಸಂಜೆ ಪೂರ್ತಿ ಕಟ್ತೀನಿ, ನೋಡ್ತಿರು," ಎಂದಳು ಗುಂಡಿ.

ಸಂಜೆ ಮ್ಯಾಪ್ ಒತ್ತಿದ ತಕ್ಷಣ ತೆರೆಯಿತು! ಅವಳು ನಾಲ್ಕು ಕಿಟಕಿಯ ಮನೆ ಬರೆದಳು, ಬಾಗಿಲಿಗೆ ನೀಲಿ ಬಣ್ಣ ಹಚ್ಚಿದಳು. ಬೆಳಗಿನ ಸದ್ದೊಂದು ಬಾಕಿ ಉಳಿಯಿತು. ಅಮ್ಮನೂ ಖುಷಿಯಾಗಿದ್ದಳು. ಬೆಳಿಗ್ಗೆ ಕೂಡಲೇ ಕೆಲಸಕ್ಕೆ ಕುಳಿತಿದ್ದರಿಂದ ಮೂರು ಜೆರ್ಸಿ ಹೆಚ್ಚಿಗೆ ಮುಗಿದಿದ್ದವು. "ನಮ್ಮ ಮಹಾರಾಯ ಈಗ ಕುದುರೆ ಆಗ್ಬಿಟ್ಟಿದಾನೆ," ಎಂದಳು.

ಗುರುವಾರ ಬೆಳಿಗ್ಗೆಯೂ ಅದೇ ಕತೆ. ಅಂದರೆ, ಕತೆಯೇ ಇಲ್ಲ. "ಒಳಗಿಂದ..." ಎನ್ನುವಷ್ಟರಲ್ಲಿ ಟಿಂಗ್. ಗುಂಡಿ ಮೈಕ್ ಒತ್ತುವುದನ್ನೇ ಮರೆತು, ಅರೆಬರೆ ಜಡೆಯಲ್ಲಿ ಶಾಲೆಗೆ ಓಡಿದಳು.

ಸಂಜೆ ಶಾಲೆಯಿಂದ ಬಂದರೆ ಬೀದಿಯ ತುದಿಗೇ ಸದ್ದು ಕೇಳಿಸುತ್ತಿತ್ತು. ಕಿರ್ರ್‌ರ್‌ರ್! ಬೆಕ್ಕಿನ ಬಾಲದ ಮೇಲೆ ಆನೆ ನಿಂತರೆ ಬೆಕ್ಕು ಹಾಗೆ ಕಿರುಚಬಹುದು. ಸದ್ದು ಬರುತ್ತಿದ್ದುದು ಅವಳ ಮನೆಯಿಂದಲೇ.

ಒಳಗೆ ಅಮ್ಮ ಕಸೂತಿ ಮೆಷಿನ್ ಎದುರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಹತ್ತೊಂಬತ್ತನೇ ಜೆರ್ಸಿ ಮೆಷಿನ್ನಿನ ಬಾಯಲ್ಲಿ ಸಿಕ್ಕಿಕೊಂಡಿತ್ತು. ದಾರ ತುಂಡಾಗಿ, ಗೋಜಲಾಗಿ, ಹಕ್ಕಿ ಗೂಡಿನ ಹಾಗಾಗಿತ್ತು.

"ನಾಲ್ಕನೇ ಸಲ ದಾರ ಕಿತ್ತು ಬಂತು," ಅಮ್ಮ ಹೇಳಿದಳು. ಅವಳ ದನಿ ಸಣ್ಣಗಿತ್ತು. ಬೈದಿದ್ದರೇ ವಾಸಿಯಿತ್ತು ಅನಿಸಿತು ಗುಂಡಿಗೆ.

"ನಾನು ಅವತ್ತೇ ಹೇಳಿರ್ಲಿಲ್ವಾ?" ತಾತ ಕುರ್ಚಿಯಲ್ಲಿ ಎದೆ ಉಬ್ಬಿಸಿ ಕುಳಿತಿದ್ದ. "ಹೊಸಬರ ಮಾತು ಮೆಷಿನ್‌ಗೆ ಹಿಡಿಸ್ಲಿಲ್ಲ. ಮುನಿಸ್ಕೊಂಡಿದೆ."

"ಸ್ಕ್ರೂ ಮಾಮನಿಗೆ ಫೋನ್ ಮಾಡಿದೀನಿ. ಐದು ಗಂಟೆಗೆ ಬಂದು ಹಳೇದನ್ನೇ ಹಾಕ್ತಾನೆ. ಮಾತು ಅಂದ್ರೆ ಮಾತು ತಾನೇ?" ಎಂದಳು ಅಮ್ಮ.

ಗುಂಡಿ ತಲೆಯಾಡಿಸಿದಳು. ಅಳುವುದಿಲ್ಲ ಎಂದಿದ್ದಳಲ್ಲ, ಅದಕ್ಕೆ ಅಡುಗೆಮನೆಗೆ ಹೋದಳು. ಅಲ್ಲಿ ಕಣ್ಣಿಗೆ ಏನಾದರೂ ಬಿತ್ತು ಎಂದು ಹೇಳಬಹುದು.

ಕಟ್ಟೆಯ ಮೇಲೆ ತಾತನ ತಟ್ಟೆ ಇತ್ತು. ಅದರಲ್ಲಿ ಒಣಗಿ ಅಂಟಿದ್ದ ಹಳದಿ.

"ತಾತ, ಇವತ್ತೂ ಮೊಟ್ಟೆ ಹಸಿನಾ?"

"ನಾನೇನ್ ಮಾಡ್ಲಿ? ಟಿಂಗ್ ಬೇಗ ಆಗ್ಬಿಡ್ತು."

"ಟಿಂಗ್ ಬೇಗ ಆಯ್ತು ಅಂತ ಮೊಟ್ಟೆ ಬೇಗ ಬೇಯುತ್ತಾ?"

"ಅದೂ ಸರಿಯೇ," ಎಂದ ತಾತ ಗಲ್ಲ ಕೆರೆದುಕೊಂಡು. ಆ ಯೋಚನೆ ಅವನಿಗೆ ಎರಡು ದಿನ ಹೊಳೆದೇ ಇರಲಿಲ್ಲ.

ಗುಂಡಿ ಮೂಗು ಒರೆಸಿಕೊಂಡಳು. ತಟ್ಟೆಯನ್ನೇ ನೋಡಿದಳು. ಆಮೇಲೆ ಬೆರಳು ಮಡಚತೊಡಗಿದಳು. ಟಕ್ ಅಂದರೆ ಮೊಟ್ಟೆ. ಕುಂಯ್ ಅಂದರೆ ಅಪ್ಪನ ಸ್ನಾನ. ಮೋಡ ಬಂದರೆ ಶೂ. ಟಿಂಗ್ ಅಂದರೆ ಜಡೆ. ನಾಲ್ಕು ಬೆರಳಾಯಿತು. ಹೆಬ್ಬೆರಳೊಂದು ಉಳಿಯಿತು. ಇನ್ನೊಂದು ಏನೋ ಇತ್ತಲ್ಲ?

ಚೆಂಡು! ಹೊಸ ಸಿಸ್ಟಮ್‌ನಲ್ಲಿ ಚೆಂಡು ಉರುಳುವುದೇ ಇಲ್ಲ. ಚೆಂಡು ಉರುಳಿದಾಗ ಅಮ್ಮ...

ಗುಂಡಿ ಕಿಟಕಿಯ ಹತ್ತಿರ ಓಡಿದಳು. ಎಣ್ಣೆ ಬಾಟಲಿ ಸ್ಕ್ರೂ ಮಾಮ ಬಂದ ದಿನ ಎಲ್ಲಿತ್ತೋ ಅಲ್ಲೇ ಇತ್ತು. ಅದರ ಮೂತಿಗೆ ಒಂದು ಪುಟ್ಟ ಜೇಡ ಬಲೆ ಕಟ್ಟಲು ಶುರು ಮಾಡಿತ್ತು.

"ಅಮ್ಮಾ! ಮೆಷಿನ್‌ಗೆ ಎಣ್ಣೆ ಬಿಟ್ಯಾ?"

"ಅದೇನ್ ಕೇಳ್ತೀಯ? ದಿನಾ ಬಿಡ್ತೀನಲ್ಲ. ಬೆಳಿಗ್ಗೆ ಬೆಳಿಗ್ಗೆ, ಮೂರು ತೂತಿಗೂ ಒಂದೊಂದು ಹನಿ. ಚೆಂಡು ಉರುಳೋಕೆ ಶುರು..."

ಅಮ್ಮ ಅಲ್ಲಿಗೇ ನಿಂತುಬಿಟ್ಟಳು. ಮಹಾರಾಯನ ಪರದೆ ನೋಡಿದಳು. ಗುಂಡಿಯ ಕೈಯಲ್ಲಿದ್ದ ಬಾಟಲಿ ನೋಡಿದಳು.

"ಚೆಂಡೇ ಬರ್ಲಿಲ್ವಲ್ಲೇ!" ಎಂದಳು.

ಮೂರು ತೂತಿಗೆ ಮೂರು ಹನಿ. ಗೋಜಲು ಬಿಡಿಸಿ, ಹೊಸ ದಾರ ಪೋಣಿಸಿ, ಅಮ್ಮ ಉಸಿರು ಬಿಗಿಹಿಡಿದು ಬಟನ್ ಒತ್ತಿದಳು. ಟಕಟಕಟಕ. ಬೆಕ್ಕಿಲ್ಲ, ಆನೆಯಿಲ್ಲ. ಹತ್ತೊಂಬತ್ತನೇ ಜೆರ್ಸಿಯ ಬೆನ್ನಿನ ಮೇಲೆ ನಂಬರು ಸಲೀಸಾಗಿ ಮೂಡಿತು.

ಐದು ಗಂಟೆಗೆ ಬಂದ ಸ್ಕ್ರೂ ಮಾಮ ವಿಷಯ ಕೇಳಿ ಎಷ್ಟು ನಕ್ಕನೆಂದರೆ ಬಾಯಲ್ಲಿದ್ದ ಸ್ಕ್ರೂ ಗಂಟಲಿಗೆ ಇಳಿಯುವುದರಲ್ಲಿತ್ತು.

"ಹುಷಾರು ಮಾಮ," ಎಂದಳು ಗುಂಡಿ. "ನುಂಗಿದ್ರೆ ಮೂರು ದಿನ ಕಾಯ್ಬೇಕು."

"ಈಗ ಏನು ಅಕ್ಕ? ಹಳೇದು ಹಾಕ್ಲಾ, ಹೊಸದೇ ಇರ್ಲಾ?"

ಅಮ್ಮ ಗುಂಡಿಯನ್ನು ನೋಡಿದಳು. "ಹೊಸದೇ ಇರ್ಲಿ. ಎಣ್ಣೆ ಮರೆತಿದ್ದು ನಾನು. ಪಾಪ, ಅದನ್ಯಾಕೆ ಬೈಯೋದು?"

ಎಲ್ಲರೂ ತಾತನ ಕಡೆ ತಿರುಗಿದರು. ತಾತ ಆಗಲೇ ಸ್ಟೂಲ್ ಹತ್ತಿ ಗೋಡೆಯ ಗಡಿಯಾರ ಇಳಿಸುತ್ತಿದ್ದ. "ಇದಕ್ಕೊಂದು ಸೆಲ್ ಹಾಕಿದ್ರೆ ಮೊಟ್ಟೆಗೆ ಸಾಕು," ಎಂದ. ಗಡಿಯಾರದ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಜಡೆಗೂ ಇನ್ನು ಅಷ್ಟು ಹೊತ್ತು ಬೇಕಿಲ್ಲ ಬಿಡು. ಒಂದೊಂದು ರಬ್ಬರ್ ಬ್ಯಾಂಡ್ ಹಾಕಿದ್ರೆ ಇಪ್ಪತ್ತು ಸೆಕೆಂಡಿನ ಕೆಲ್ಸ."

ಅವನು ನಗುತ್ತಲೇ ಹೇಳಿದ. ಆದರೆ ಗಡಿಯಾರದ ಗಾಜಿನಲ್ಲಿ ಗುಂಡಿಗೆ ಅವನ ಮುಖ ಕಾಣಿಸುತ್ತಿತ್ತು. ಅಲ್ಲಿ ನಗು ಇರಲಿಲ್ಲ. ಗುಂಡಿ ಆ ಗಾಜನ್ನು ತುಂಬಾ ಹೊತ್ತು ನೋಡಿದಳು.

ಶುಕ್ರವಾರ ಬೆಳಿಗ್ಗೆ ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅಮ್ಮ ಎಣ್ಣೆ ಬಾಟಲಿ ಹಿಡಿದು ಮೆಷಿನ್ ಹತ್ತಿರ ಬಗ್ಗಿದ್ದಳು. ಅಪ್ಪ ತನ್ನದೇ ಶೂ ಹಾಕಿಕೊಳ್ಳುತ್ತಿದ್ದ. ತಾತ ಒಲೆಯ ಮೇಲೆ ಮೊಟ್ಟೆ ಇಟ್ಟು ಬಂದು ಬಾಚಣಿಗೆ ಹಿಡಿದ.

ಗುಂಡಿ ಸ್ಟೂಲಿನ ಮೇಲೆ ಕುಳಿತಳು. ಜಡೆ ಎರಡೂ ಮುಗಿಯುವವರೆಗೆ ಸ್ವಿಚ್ ಮುಟ್ಟಲಿಲ್ಲ. ತಾತ ಕತೆಯಿಲ್ಲದೆ, ಬೇಗ ಬೇಗ ಕಟ್ಟಿದ. ಆಮೇಲೆ ಅವಳು ಸ್ವಿಚ್ ಒತ್ತಿದಳು.

ಟಿಂಗ್.

"ಆಯ್ತು, ಎದ್ದೇಳು. ನಿನ್ನ ಸದ್ದು ಹಿಡ್ಕೋಬೇಕಲ್ಲ," ಎಂದ ತಾತ.

ಗುಂಡಿ ತಲೆ ಮುಟ್ಟಿ ನೋಡಿಕೊಂಡಳು. ಕಟ್ಟು ಎಷ್ಟು ಬಿಗಿಯಾಗಿತ್ತೆಂದರೆ, ಹುಬ್ಬುಗಳು ಇನ್ನೇನು ಸೂರು ಮುಟ್ಟುವುದರಲ್ಲಿದ್ದವು.

"ತಾತ, ಎರಡೂ ಜಡೆ ಸಡಿಲ ಆಗಿದೆ."

"ಏನು?" ತಾತ ನೆಟ್ಟಗಾದ. "ನನ್ನ ಕಟ್ಟು ಸಡಿಲನಾ? ಮೂವತ್ತೈದು ವರ್ಷದಲ್ಲಿ ಒಬ್ಬರೂ ಹೇಳಿಲ್ಲ ಈ ಮಾತು!"

"ಪಾರ್ಸಲ್ ಅಲ್ಲಾಡ್ತು ಅನ್ಸುತ್ತೆ. ಬಿಚ್ಚಿ ಮತ್ತೆ ಹಾಕು."

ತಾತ ಬಗ್ಗಿ ಅವಳ ಮುಖ ನೋಡಿದ. ಹಣೆಯ ಮೇಲೇರಿದ ಹುಬ್ಬುಗಳನ್ನೂ ನೋಡಿದ. ರಿಬ್ಬನ್ ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡ.

ಗುಂಡಿ ಮೆಲ್ಲಗೆ ಮ್ಯಾಪ್ ತೆರೆದಳು. ನೀಲಿ ಬಾಗಿಲಿನ ಮನೆಯ ಪಕ್ಕದಲ್ಲಿದ್ದ ಕೆಂಪು ಬಟನ್ ಒತ್ತಿ, ಮೈಕನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದಳು.

"ಒಳಗಿಂದ ಯಾರೋ ಸೀನಿದ್ರು ಅಂದೆ," ಎಂದಳು.

"ಹಾಂ. ಸೀನಿದ್ರು," ಎಂದ ತಾತ. ಅವನ ಕೈ ಈಗ ನಿಧಾನವಾಗಿ ಓಡುತ್ತಿತ್ತು. "ಒಂದು ಸಲ ಅಲ್ಲ, ಮೂರು ಸಲ. ಮೂರನೇ ಸೀನಿಗೆ ಆಫೀಸಿನ ಸ್ಟಾಂಪೆಲ್ಲ ಹಾರಿ ಹೋಗಿ ನಮ್ಮ ಸಾಹೇಬ್ರ ಬೋಳು ತಲೆಗೆ ಅಂಟ್ಕೊಂಡ್ವು..."

ಒಲೆಯ ಮೇಲೆ ಮೊಟ್ಟೆ ಕೊತಕೊತ ಕುದಿಯುತ್ತಿತ್ತು. ಗುಂಡಿ ಒಂದಿಷ್ಟೂ ಅಲ್ಲಾಡದೆ ಕುಳಿತಳು.